ಕುಂಡದ ಗಿಡಕ್ಕೆ ಕೈಗುಣ ಬೇಕಾ? ಬೆಂಗಳೂರಿನ ಮಳೆ, ಚಳಿ, ಬಿಸಿಲಿನ ಲೆಕ್ಕ

ಪ್ರಶ್ನೆ: ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ಪೂರ್ವಕ್ಕೆ ಸಣ್ಣ ಬಾಲ್ಕನಿ ಇದೆ. ತಾರಸಿಯ ಒಂದು ಮೂಲೆಯಲ್ಲಿ ಕುಂಡ ಇಟ್ಟುಕೊಳ್ಳಲು ಓನರ್ ಒಪ್ಪಿದ್ದಾರೆ. ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡಿ ಬರುವಾಗ ಆಸೆಪಟ್ಟು ಒಂದು ಗುಲಾಬಿ, ನಾಲ್ಕು ಟೊಮೆಟೊ ಸಸಿ, ಒಂದು ಸೇವಂತಿಗೆ ತಂದೆ. ಕೊತ್ತಂಬರಿ ಬೀಜವನ್ನೂ ಹಾಕಿದೆ. ದಿನಾ ಬೆಳಗ್ಗೆ ತಪ್ಪದೆ ಒಂದೊಂದು ಮಗ್ಗು ನೀರು ಹಾಕಿದ್ದೇನೆ. ಆದರೂ ಏಪ್ರಿಲ್ ಮುಗಿಯುವಷ್ಟರಲ್ಲಿ ಎಲ್ಲ ಹೋಯಿತು. ಗುಲಾಬಿ ಮಾತ್ರ ಒಣಕಡ್ಡಿಯಾಗಿ ನಿಂತಿದೆ. ನಿನ್ನ ಕೈಗುಣವೇ ಸರಿ ಇಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಮತ್ತೆ ಶುರು ಮಾಡುವುದಾದರೆ ಯಾವ ತಿಂಗಳು, ಯಾವ ಗಿಡ? ವರ್ಷದಲ್ಲಿ ಯಾವಾಗ ಏನು ಮಾಡಬೇಕು?

ಉತ್ತರ: ನಿಮ್ಮ ಕೈಗುಣದಲ್ಲಿ ಏನೂ ದೋಷವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಒಂದು ಮಾತು ಕೇಳಿ ಗಿಡ ಬೆಳೆಸುವುದನ್ನೇ ಬಿಟ್ಟವರನ್ನು ನಾನು ತುಂಬ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗಿದೆ. ಕಾರಣ ನಿಮ್ಮ ಪತ್ರದಲ್ಲೇ ಇದೆ. ಜನವರಿಯಲ್ಲೂ ಒಂದು ಮಗ್ಗು, ಏಪ್ರಿಲ್‌ನಲ್ಲೂ ಒಂದು ಮಗ್ಗು. ಜನವರಿಯ ಚಳಿಗೆ ಅದು ಜಾಸ್ತಿ, ಏಪ್ರಿಲ್ ಬಿಸಿಲಿಗೆ ಕಮ್ಮಿ. ಬೆಂಗಳೂರಲ್ಲಿ ವರ್ಷಪೂರ್ತಿ ಹವೆ ಹಿತವಾಗಿರುತ್ತೆ ಅಂತ ನಾವೆಲ್ಲ ಹೇಳುತ್ತೇವೆ. ನಮಗೆ ಹಿತ, ನಿಜ. ಆದರೆ ಹತ್ತಿಂಚಿನ ಕುಂಡದಲ್ಲಿ ಬೇರು ಬಿಟ್ಟ ಗಿಡಕ್ಕೆ ಮಳೆಗಾಲ, ಚಳಿಗಾಲ, ಬೇಸಿಗೆ ಅಂದರೆ ಮೂರು ಬೇರೆ ಬೇರೆ ಊರುಗಳಲ್ಲಿ ಬದುಕಿದ ಹಾಗೆ. ಕೈಗುಣ ಚೆನ್ನಾಗಿದೆ ಅನ್ನಿಸಿಕೊಂಡವರು ಮಾಡುವುದು ಇಷ್ಟೇ: ಕಾಲ ಬದಲಾದ ಹಾಗೆ ತಮ್ಮ ಕೈಯನ್ನೂ ಬದಲಾಯಿಸುತ್ತಾರೆ.

ಹೋದ ವರ್ಷ ನಮ್ಮ ಬೀದಿಯವರೊಬ್ಬರು ನಿಮ್ಮ ಹಾಗೇ ಒಣಗಿದ ಗುಲಾಬಿ ಕುಂಡ ಹೊತ್ತು ತಂದರು. ಕುಂಡವನ್ನು ಬೋರಲು ಹಾಕಿ ಹಿಂದಿನಿಂದ ತಟ್ಟಿದೆ. ಹೊರಗಿನ ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎಲ್ಲ ಒದ್ದೆಯಾಗಿ ಪುಡಿಪುಡಿ ಉದುರಿತು. ನಡುವೆ ಮಾತ್ರ ತೆಂಗಿನಕಾಯಿ ಗಾತ್ರದ ಒಂದು ಕೆಂಪು ಮುದ್ದೆ ಉಳಿಯಿತು. ನರ್ಸರಿಯವರು ಕಪ್ಪು ಕವರ್‌ನಲ್ಲಿ ತುಂಬಿಕೊಟ್ಟ ಜೇಡಿಮಣ್ಣು ಅದು. ಬೆರಳಲ್ಲಿ ಒತ್ತಿದರೆ ಇಟ್ಟಿಗೆ ಹಾಗೆ ಗಟ್ಟಿ. ಒಡೆದು ನೋಡಿದರೆ ಒಳಗೆ ಒಂದು ಹನಿ ತೇವ ಇಲ್ಲ. ಬೇರುಗಳೆಲ್ಲ ಅದರೊಳಗೇ ಸುತ್ತಿಕೊಂಡು ಒಣಗಿದ್ದವು. ಮೂರು ತಿಂಗಳು ಹಾಕಿದ ನೀರೆಲ್ಲ ಮುದ್ದೆಯ ಪಕ್ಕದಿಂದ ಜಾರಿ ತಳದ ತೂತಿನಲ್ಲಿ ಹೊರಗೆ ಹೋಗಿತ್ತು. ಗಿಡ ನೀರಿನ ನಡುವೆ ಕೂತು ಬಾಯಾರಿ ಸತ್ತಿತ್ತು.

ಹಾಗಾಗಿ ಇನ್ನು ಮುಂದೆ ನರ್ಸರಿಯಿಂದ ಯಾವ ಗಿಡ ತಂದರೂ ಮೊದಲು ಕವರ್ ಹರಿದು ಆ ಮುದ್ದೆಯನ್ನು ಬಕೆಟ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ಹೊರಗಿನ ಒಂದು ಪದರ ಮಣ್ಣನ್ನು ಬೆರಳಿಂದ ಮೆಲ್ಲಗೆ ಸಡಿಲ ಮಾಡಿ, ಆಮೇಲೆ ನೆಡಿ. ಪೂರ್ತಿ ಕೆಡವಲು ಹೋಗಬೇಡಿ, ಎಳೆ ಬೇರು ಹರಿಯುತ್ತೆ. ತಂದ ದಿನವೇ ನೆಡುವ ಅವಸರವೂ ಬೇಡ. ನೆರಳಲ್ಲಿ ನಾಲ್ಕೈದು ದಿನ ಇಟ್ಟು ನಿಮ್ಮ ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ.

ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬರೀ ಕೆಮ್ಮಣ್ಣು ತುಂಬಿದರೆ ನಾಲ್ಕು ಮಳೆಗೆ ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತೆ. ಬರೀ ಕೋಕೋಪೀಟ್ ಆದರೆ ಹಗುರ ನಿಜ, ಗಿಡಕ್ಕೆ ಊಟ ಇಲ್ಲ. ನಾನು ಸಮಸಮ ಹಾಕುತ್ತೇನೆ: ಒಂದು ಬಾಂಡ್ಲಿ ಕೆಮ್ಮಣ್ಣು, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಬಾಂಡ್ಲಿ ಕೋಕೋಪೀಟ್. ದೊಡ್ಡ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹೊಂಗೆ ಹಿಂಡಿ ಸಿಕ್ಕರೆ ಅದೂ ಒಳ್ಳೆಯದೇ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿದ ಮೇಲೆ ಎರಡು ಸಲ ನೀರು ಬದಲಾಯಿಸಿ ಹಿಂಡಿ ತೆಗೆಯಿರಿ, ಅದರಲ್ಲಿ ಉಪ್ಪಿನಂಶ ಇರುತ್ತೆ. ಗೊಬ್ಬರವನ್ನು ಮೂಸಿ ನೋಡಿ ಕೊಳ್ಳಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಕಳಿತಿದೆ ಅಂತ. ಸಗಣಿ ವಾಸನೆ ಇನ್ನೂ ಇದ್ದರೆ, ಕೈಗೆ ಬಿಸಿ ತಾಗಿದರೆ, ಬೇಡ. ಹಸಿ ಗೊಬ್ಬರ ಬೇರನ್ನು ಸುಡುತ್ತೆ.

12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಟೊಮೆಟೊ, ಬದನೆ, ಬೆಂಡೆಗೆ ಸಾಕು. ಇದರಲ್ಲಿ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತೆ, ಒದ್ದೆಯಾದಾಗ 15 ಕೆಜಿ ದಾಟುತ್ತೆ. ತಾರಸಿ ನಿಮ್ಮದಲ್ಲ ಅಲ್ವಾ, ಅದಕ್ಕೇ ಈ ಲೆಕ್ಕ ಹೇಳಿದೆ. ಬ್ಯಾಗ್‌ಗಳನ್ನು ನಡುಮಧ್ಯೆ ಗುಂಪು ಹಾಕಬೇಡಿ, ಗೋಡೆ ಪಕ್ಕ ಸಾಲಾಗಿ ಇಡಿ. ಪ್ರತಿ ಬ್ಯಾಗ್ ಕೆಳಗೆ ಎರಡು ಇಟ್ಟಿಗೆ ಇರಲಿ. ತೂತು ಮುಚ್ಚಿಕೊಳ್ಳುವುದಿಲ್ಲ, ತಾರಸಿಯ ನೀರು ಸರಾಗವಾಗಿ ಹರಿಯುತ್ತೆ, ಸೋರಿಕೆ ಅಂತ ಓನರ್ ಹತ್ತಿರ ಮಾತು ಬರುವುದಿಲ್ಲ.

ಇನ್ನು ಬಿಸಿಲು. ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಏಪ್ರಿಲ್ 24ರ ಆಸುಪಾಸು ಒಂದು ದಿನ, ಆಗಸ್ಟ್ 18ರ ಆಸುಪಾಸು ಒಂದು ದಿನ ಬೆಂಗಳೂರಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಶಾಲೆಯಲ್ಲಿ ತೋರಿಸುತ್ತಾರೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಅದಕ್ಕೇ ಡಿಸೆಂಬರ್‌ನಲ್ಲಿ ಬಿಸಿಲು ತುಂಬುವ ದಕ್ಷಿಣದ ಬಾಲ್ಕನಿ ಜೂನ್‌ನಲ್ಲಿ ನೆರಳಾಗುತ್ತೆ. ನಿಮ್ಮದು ಪೂರ್ವದ ಬಾಲ್ಕನಿ. ಎದುರು ಮನೆ ಅಡ್ಡ ಬರದಿದ್ದರೆ ವರ್ಷಪೂರ್ತಿ ಮೂರು ನಾಲ್ಕು ಗಂಟೆ ಎಳೆ ಬಿಸಿಲು ಸಿಗುತ್ತೆ. ಸೊಪ್ಪಿಗೆ, ಪುದೀನಕ್ಕೆ, ದೊಡ್ಡಪತ್ರೆಗೆ, ಒಂದೆಲಗಕ್ಕೆ ಅದು ಬೇಕಾದಷ್ಟಾಯಿತು. ಟೊಮೆಟೊ, ಮೆಣಸಿನಕಾಯಿ, ಗುಲಾಬಿ, ಅವರೆಗೆ ಸಾಲದು. ಇವಕ್ಕೆ ಐದಾರು ಗಂಟೆ ಬೇಕು, ತಾರಸಿಗೇ ಹೋಗಬೇಕು. ಒಂದು ಭಾನುವಾರ ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹೋಗಿ ಬಿಸಿಲು ಎಲ್ಲಿ ಬಿದ್ದಿದೆ ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಗಿಡ ಕೊಳ್ಳುವ ಮೊದಲು ಮಾಡುವ ಕೆಲಸ ಇದು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಯಾವಾಗ ಶುರು ಮಾಡಬೇಕು?

ನಿಮ್ಮ ಪತ್ರ ಮೇ ಕೊನೆಯಲ್ಲಿ ಬಂದಿದೆ. ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಮ್ಮ ಕಡೆ ರೈತರು ಮಳೆಯನ್ನು ನಕ್ಷತ್ರದ ಹೆಸರಲ್ಲಿ ಲೆಕ್ಕ ಹಾಕುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆಯೇ ಇದೆ. ಭರಣಿ ಏಪ್ರಿಲ್ ಕೊನೆಗೆ ಬರುತ್ತೆ, ಮೃಗಶಿರಾ ಜೂನ್ ಎರಡನೇ ವಾರಕ್ಕೆ. ಕುಂಡದವರಿಗೂ ಇದೇ ಲೆಕ್ಕ ನಡೆಯುತ್ತೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಮಣ್ಣು ಕಲಸಿ ಬ್ಯಾಗ್ ತುಂಬಿಸಿ ಹದವಾಗಲು ಬಿಡಿ, ಮೃಗಶಿರಾದಲ್ಲಿ ಬೀಜ ಹಾಕಿ.

ಮೊದಲ ಎರಡು ತಿಂಗಳು ಸೊಪ್ಪು ಬಿಟ್ಟು ಬೇರೇನೂ ಬೇಡ ಅನ್ನುವುದು ನನ್ನ ಸಲಹೆ. ಸೊಪ್ಪು ಬೇಗ ಬರುತ್ತೆ, ತಪ್ಪು ಮಾಡಿದರೆ ಬೇಗ ಗೊತ್ತಾಗುತ್ತೆ, ಮತ್ತೆ ಹಾಕಲು ಖರ್ಚಿಲ್ಲ. ಅಡುಗೆಮನೆ ಡಬ್ಬದ ಮೆಂತ್ಯವನ್ನೇ ರಾತ್ರಿ ನೆನೆಸಿ ಆರಿಂಚು ಆಳದ ಟ್ರೇನಲ್ಲಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತೆ, 25-30 ದಿನಕ್ಕೆ ಸಾರಿಗೆ ಸೊಪ್ಪು. ಕೊತ್ತಂಬರಿಗೆ ತಾಳ್ಮೆ ಬೇಕು. ನಾವು ಬೀಜ ಅನ್ನುವುದು ಅದರ ಕಾಯಿ, ಒಳಗೆ ಎರಡು ಬೀಜ ಇರುತ್ತೆ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಆಮೇಲೂ ಎಂಟರಿಂದ ಹನ್ನೆರಡು ದಿನ ಮಣ್ಣಿನ ಮೇಲೆ ಏನೂ ಕಾಣುವುದಿಲ್ಲ. ಐದನೇ ದಿನಕ್ಕೆ ಬೇಸರಪಟ್ಟು ಕೆದಕಿ ನೋಡುವವರು ತುಂಬ ಜನ. ಬೇಡ, ಕಾಯಿರಿ. ಮಾರ್ಕೆಟ್‌ನಿಂದ ತಂದ ಬಸಳೆಯ ಬಲಿತ ದಂಟನ್ನು ಎಲೆ ಬಿಡಿಸಿದ ಮೇಲೆ ಬಿಸಾಡಬೇಡಿ, ಎರಡು ಗಿಣ್ಣು ಮಣ್ಣಲ್ಲಿ ಹೋಗುವ ಹಾಗೆ ಚುಚ್ಚಿ. ಪುದೀನ ದಂಟೂ ಹಾಗೇ, ಒಂದು ಲೋಟ ನೀರಲ್ಲಿಟ್ಟರೆ ವಾರದೊಳಗೆ ಬೇರು. ದಂಟಿನ ಸೊಪ್ಪಿಗೆ ಒಳ್ಳೆಯ ಬೀಜ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ನೋಡಿ. ಕೊಯ್ದಷ್ಟೂ ಚಿಗುರುವ ಸೊಪ್ಪು ಅದು.

ಜೂನ್, ಜುಲೈನಲ್ಲಿ ಬೆಂಗಳೂರಿನ ಮಳೆ ನಮ್ಮನ್ನು ಮೋಸ ಮಾಡುತ್ತೆ. ದಿನವೆಲ್ಲ ಮೋಡ, ತುಂತುರು, ಆದರೆ ಮಣ್ಣು ನೆನೆಯುವಷ್ಟು ಬರುವುದಿಲ್ಲ. ಜೊತೆಗೆ ಆಷಾಢದ ಗಾಳಿ. ಹಿಂದೆ ಮಕ್ಕಳು ಗಾಳಿಪಟ ಹಾರಿಸುತ್ತಿದ್ದ ಗಾಳಿ ಅದು. ತಾರಸಿಯ ಮೇಲೆ ಒಂದೇ ಸಮನೆ ಬೀಸಿ ಕುಂಡವನ್ನು ಒಣಗಿಸಿಬಿಡುತ್ತೆ. ಮಳೆಗಾಲ ಅಲ್ವಾ ಅಂತ ನೀರು ನಿಲ್ಲಿಸಿದವರ ಗಿಡ ಜುಲೈನಲ್ಲಿ ಒಣಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆಕಾಶ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ಹಾಕಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿ ಒಂದೆರಡು ಕಣ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ. ಬೆರಳು ಒಣಗಿದ್ದ ಹಾಗೇ ಹೊರಗೆ ಬಂದರೆ ತಳದ ತೂತಿನಿಂದ ನೀರು ಹೊರಗೆ ಬರುವವರೆಗೆ ನಿಧಾನವಾಗಿ ಹಾಕಿ. ಮೇಲೆ ಮೇಲೆ ದಿನಾ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ತುಂಬ ಹಾಕುವುದು ಮೇಲು, ಬೇರು ಆಳಕ್ಕೆ ಇಳಿಯುತ್ತೆ. ವರ್ಷದ ಎಲ್ಲ ಕಾಲಕ್ಕೂ ಇದೊಂದೇ ಪರೀಕ್ಷೆ. ಏಪ್ರಿಲ್‌ನಲ್ಲಿ ಇದು ದಿನಾ ನೀರು ಹಾಕಿಸುತ್ತೆ, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಹಾಕಿಸುತ್ತೆ, ಸೆಪ್ಟೆಂಬರ್‌ನಲ್ಲಿ ಕೆಲವೊಮ್ಮೆ ವಾರವಾದರೂ ಮಗ್ಗು ಮುಟ್ಟಿಸುವುದಿಲ್ಲ.

ಮೊದಲು ಸೊಪ್ಪು ಮಾತ್ರ ಅಂದೆ, ಅವರೆಗೆ ಮಾತ್ರ ವಿನಾಯಿತಿ. ಆಷಾಢದಿಂದ ಶ್ರಾವಣದೊಳಗೆ ತಾರಸಿಯ ಒಂದು ದೊಡ್ಡ ಬ್ಯಾಗ್‌ನಲ್ಲಿ ನಾಲ್ಕು ಅವರೆ ಕಾಳು ಹಾಕಲೇಬೇಕು. ಈ ಗಿಡದ ಬಗ್ಗೆ ನನಗೆ ಪ್ರೀತಿ ಜಾಸ್ತಿ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ತಿಳಿದು ಹೂ ಬಿಡುವ ಗಿಡ. ಫೆಬ್ರವರಿಯಲ್ಲಿ ಬಿತ್ತಿದರೆ ಬಳ್ಳಿ ಸೊಗಸಾಗಿ ಹಬ್ಬುತ್ತೆ, ಎಲೆ ತುಂಬುತ್ತೆ, ಹೂ ಮಾತ್ರ ಬರುವುದಿಲ್ಲ. ಅದೇ ಜುಲೈನಲ್ಲಿ ಬಿತ್ತಿ ಐದಾರು ಅಡಿ ಕೋಲು ಕೊಟ್ಟರೆ, ದೀಪಾವಳಿ ಕಳೆದ ಮೇಲೆ ಗೊಂಚಲು ಗೊಂಚಲು ಹೂ ಬಿಡುತ್ತೆ, ಸಂಕ್ರಾಂತಿ ಹೊತ್ತಿಗೆ ಕಾಯಿ. ಚಳಿ ಬಿದ್ದ ಮೇಲೆ ಬೆಳಗ್ಗೆ ತಾರಸಿಗೆ ಹೋಗಿ ಬಲಿತ ಕಾಯಿಯೊಂದನ್ನು ಕೈಯಲ್ಲಿ ಉಜ್ಜಿ ನೋಡಿ. ಬೆರಳಿಗೆ ಎಣ್ಣೆ ಎಣ್ಣೆಯಾಗಿ ಅಂಟುತ್ತೆ, ವಾಸನೆ ಮಧ್ಯಾಹ್ನದವರೆಗೂ ಹೋಗುವುದಿಲ್ಲ. ಸೊಗಡು ಅಂದರೆ ಅದೇ. ನಾಲ್ಕು ಗಿಡದಿಂದ ಮನೆಮಂದಿಗೆಲ್ಲ ಹಿತಕಿದಬೇಳೆ ಸಾರು ಆಗದಿರಬಹುದು, ಉಪ್ಪಿಟ್ಟಿಗಂತೂ ಆಗುತ್ತೆ. ಬಳ್ಳಿ ಹಬ್ಬಲು ಜಾಗ ಇಲ್ಲದವರಿಗೆ ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ಅನ್ನುವ ಗಿಡ್ಡ ತಳಿಗಳಿವೆ. ಅವು ಹಗಲಿನ ಲೆಕ್ಕ ನೋಡದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ನಿಮಗೆ ಜಾಗ ಇದೆ, ಒಂದು ವರ್ಷ ನಾಟಿಯದನ್ನೇ ಬೆಳೆದು ನೋಡಿ.

ನಿಮ್ಮ ಸೇವಂತಿಗೆಯೂ ಇದೇ ಸ್ವಭಾವದ್ದು. ಹಗಲು ಚಿಕ್ಕದಾದಾಗ ಹೂ. ಜನವರಿಯಲ್ಲಿ ನೀವು ತಂದಾಗ ಅದು ಆ ಸಲದ ಹೂವಿನ ಕೊನೆಯಲ್ಲಿತ್ತು. ಹೂ ಮುಗಿದ ಮೇಲೆ ಗಿಡ ಸೊರಗಿದ ಹಾಗೆ ಕಾಣುವುದು ಸಹಜ. ಆಗ ಕಾಂಡವನ್ನು ಗಿಡ್ಡಕ್ಕೆ ಕತ್ತರಿಸಿ ಅರೆನೆರಳಲ್ಲಿ ಇಟ್ಟಿದ್ದರೆ ಬುಡದಿಂದ ಮರಿ ಬರುತ್ತಿತ್ತು. ಆ ಮರಿಗಳನ್ನು ಮಳೆಗಾಲದಲ್ಲಿ ಬೇರೆ ಬೇರೆ ನೆಟ್ಟರೆ ಮುಂದಿನ ಚಳಿಗೆ ಹೂ. ಮುಂದಿನ ಸಲ ಹೀಗೆ ಮಾಡಿ.

ನಿಜವಾದ ಮಳೆ ಬೆಂಗಳೂರಿಗೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಸಾಮಾನ್ಯವಾಗಿ ಸೆಪ್ಟೆಂಬರ್‌ದೇ ಮೇಲುಗೈ. ಹಗಲೆಲ್ಲ ಬಿಸಿಲು, ಸಂಜೆ ಐದಕ್ಕೆ ಕಪ್ಪಾಗಿ ಒಂದೇ ಗಂಟೆಯಲ್ಲಿ ರಸ್ತೆ ಹೊಳೆಯಾಗುವ ಮಳೆ. ತಾರಸಿ ಶುರು ಮಾಡಿದ ಮೊದಲ ವರ್ಷ ನನ್ನ ಹನ್ನೆರಡು ಟೊಮೆಟೊ ಗಿಡಗಳು ಇದೇ ತಿಂಗಳಲ್ಲಿ ಹೋದವು. ಕಾಯಿ ಕಚ್ಚಿದ್ದ ಗಿಡಗಳು. ನಾನು ಬ್ಯಾಗ್‌ಗಳನ್ನು ನೇರ ನೆಲದ ಮೇಲೆ ಇಟ್ಟಿದ್ದೆ. ತೂತು ಮುಚ್ಚಿ ಒಳಗೆ ನೀರು ನಿಂತು, ಹಗಲು ಬಾಡಿ ರಾತ್ರಿ ಚೇತರಿಸಿಕೊಳ್ಳುತ್ತ ನಾಲ್ಕೇ ದಿನದಲ್ಲಿ ಹನ್ನೆರಡೂ ಮಲಗಿದವು. ಬಾಡಿದೆ ಅಂತ ನಾನು ಮತ್ತೆ ನೀರು ಹಾಕಿದ್ದೆ. ಕಿತ್ತಾಗ ಬೇರು ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬರುತ್ತಿತ್ತು. ಇಟ್ಟಿಗೆಯ ಮೇಲೆ ಇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ. ಎಲೆ ಬಾಡಿದ ತಕ್ಷಣ ಮಗ್ಗು ಎತ್ತಬೇಡಿ, ಮೊದಲು ಬೆರಳು ಇಳಿಸಿ. ನೀರು ಕಮ್ಮಿಯಾದರೂ ಬಾಡುತ್ತೆ, ಜಾಸ್ತಿಯಾಗಿ ಬೇರು ಕೊಳೆತರೂ ಬಾಡುತ್ತೆ, ಹೊರಗಿಂದ ಎರಡೂ ಒಂದೇ ತರಹ ಕಾಣುತ್ತೆ.

ಈ ತಿಂಗಳುಗಳಲ್ಲಿ ಬಸವನಹುಳುವಿನ ಕಾಟವೂ ಇರುತ್ತೆ. ದೊಡ್ಡ ಶಂಖ ಹೊತ್ತ ಹುಳು ಗೋಡೆ ಹತ್ತಿ ಮೇಲಿನ ಮಹಡಿಗೂ ಬರುತ್ತೆ. ಹಗಲು ಕುಂಡದ ಅಡಿ ಅಡಗಿದ್ದು ರಾತ್ರಿ ಎಳೆ ಸಸಿಯನ್ನು ಬುಡಸಮೇತ ಮೇಯುತ್ತೆ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೋಗಿ, ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಒಂದು ವಾರ ಬಿಡದೆ ಮಾಡಿದರೆ ಹತೋಟಿಗೆ ಬರುತ್ತೆ.

ದಸರಾ ಹೊತ್ತಿಗೆ ನಿಮ್ಮ ಕೈ ಪಳಗಿರುತ್ತೆ. ಆಗ ಟೊಮೆಟೊ. ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, 25 ದಿನದ ಸಸಿಯನ್ನು ಮಳೆ ಇಳಿದ ಮೇಲೆ ಬ್ಯಾಗ್‌ಗೆ ಬದಲಾಯಿಸಿ. ಕೆಳಗಿನ ಎರಡು ಎಲೆ ತೆಗೆದು ಕಾಂಡವನ್ನು ಸ್ವಲ್ಪ ಆಳಕ್ಕೆ ನೆಡಿ, ಮಣ್ಣಲ್ಲಿ ಹೋದ ಕಾಂಡಕ್ಕೂ ಬೇರು ಬರುತ್ತೆ. ನೆಟ್ಟ ಎರಡು ತಿಂಗಳಿಗೆ ಹಣ್ಣು ಶುರು. ನೀವು ಜನವರಿ ಕೊನೆಗೆ ನೆಟ್ಟದ್ದು ಕಷ್ಟದ ಕಾಲ. ಗಿಡ ಹೂ ಬಿಡುವ ಹೊತ್ತಿಗೆ ಬೇಸಿಗೆ ಬಂದು ಬಿಳಿ ನೊಣ ಹೆಚ್ಚುತ್ತೆ. ಅದು ಹರಡುವ ಮುಟುರು ರೋಗಕ್ಕೆ ಎಲೆ ಸುರುಟಿ ಗಿಡ ಕುಗ್ಗುತ್ತೆ, ಕಾಯಿ ನಿಲ್ಲುವುದಿಲ್ಲ. ನಿಮ್ಮ ಟೊಮೆಟೊ ಎಲೆ ಮೇಲ್ಮುಖವಾಗಿ ದೋಣಿಯ ಹಾಗೆ ಸುರುಟಿದ್ದವಾ, ನೆನಪು ಮಾಡಿಕೊಳ್ಳಿ. ಹೌದಾದರೆ ಇದೇ. ಈ ರೋಗಕ್ಕೆ ಔಷಧಿ ಇಲ್ಲ, ಗಿಡ ಕಿತ್ತು ಹಾಕಬೇಕು. ತಡೆದುಕೊಳ್ಳುವ ತಳಿ ಬೇಕಾದರೆ ಅರ್ಕಾ ರಕ್ಷಕ್ ಇದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ.

ಬಸವನಗುಡಿಯ ಕಡಲೆಕಾಯಿ ಪರಿಷೆ ಹೊತ್ತಿಗೆ ಚಳಿ ಶುರು. ಇಲ್ಲಿಂದ ಫೆಬ್ರವರಿವರೆಗೆ ಹೊಸಬರಿಗೆ ಸುಖದ ಕಾಲ. ನವಿಲುಕೋಸು, ಮೂಲಂಗಿ, ಬೀನ್ಸ್, ಬೀಟ್‌ರೂಟ್, ಬಟಾಣಿ, ಪಾಲಕ್ ಏನು ಹಾಕಿದರೂ ಬರುತ್ತೆ. ಕ್ಯಾರೆಟ್, ಮೂಲಂಗಿಯನ್ನು ಸಸಿ ಮಾಡಿ ಕಿತ್ತು ನೆಡಬೇಡಿ, ಗೆಡ್ಡೆ ಕವಲೊಡೆಯುತ್ತೆ. ಬೆಳೆಯುವ ಜಾಗದಲ್ಲೇ ಬಿತ್ತಿ. ಈ ಕಾಲದ ತೊಂದರೆ ಎರಡೇ. ಒಂದು, ಅವರೆ ಹೂವಿನ ದಂಟಿಗೆ ಕಪ್ಪಗೆ ಮುತ್ತುವ ಹೇನು. ಇರುವೆ ಸಾಲು ಹತ್ತುತ್ತಿದ್ದರೆ ಮೇಲೆ ಹೇನಿದೆ ಅಂತಲೇ ಅರ್ಥ. ನೀರನ್ನು ಜೋರಾಗಿ ಹೊಡೆದು ಉದುರಿಸಿ, ಆಮೇಲೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 5 ಎಂಎಲ್ ಎಣ್ಣೆ, ಬೆರೆಯಲು ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬಿಸಿಲಿಳಿದ ಮೇಲೆ ಎಲೆಯ ಕೆಳಗಡೆಗೂ ಬೀಳುವ ಹಾಗೆ ಸಿಂಪಡಿಸಿ. ವಾರಕ್ಕೊಮ್ಮೆ ಮೂರು ಸಲ. ಎರಡನೆಯದು ಬಟಾಣಿ, ಗುಲಾಬಿ ಎಲೆಯ ಮೇಲೆ ಬರುವ ಬೂದಿ ರೋಗ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಬೆಳಗ್ಗೆ ಬಿಸಿಲಲ್ಲಿ ಸಿಂಪಡಿಸಿ, ರೋಗ ಮೊದಲ ಹಂತದಲ್ಲಿದ್ದರೆ ನಿಲ್ಲುತ್ತೆ. ದಾಸವಾಳದ ಬಿಳಿ ಹಿಟ್ಟು ತಿಗಣೆ ಯಾವ ಕಾಲದಲ್ಲೂ ಬರಬಹುದು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಔಷಧಿ ಹಳೆಯ ಹಲ್ಲುಜ್ಜುವ ಬ್ರಷ್ಷು. ಸೋಪುನೀರಲ್ಲಿ ಅದ್ದಿ ಉಜ್ಜಿ ತೆಗೆಯಿರಿ.

ದುಂಡು ಮಲ್ಲಿಗೆ ಇಟ್ಟುಕೊಂಡರೆ ಡಿಸೆಂಬರ್‌ನಲ್ಲಿ ಎಲೆ ಬಿಡಿಸಿ ಕೊಂಬೆ ಗಿಡ್ಡ ಮಾಡಿ ಗೊಬ್ಬರ ಕೊಡಿ. ಮಾರ್ಚ್‌ಗೆ ಮುಡಿಯಲು ಹೂ.

ಫೆಬ್ರವರಿಯಲ್ಲಿ ಬೀದಿ ನೋಡಿ. ಮರಗಳೆಲ್ಲ ಎಲೆ ಉದುರಿಸುತ್ತವೆ, ಹೊಂಗೆ ಮರದ ಕೆಳಗಂತೂ ಹಾಸಿಗೆಯೇ ಇರುತ್ತೆ. ಎರಡು ಗೋಣಿಚೀಲ ತುಂಬಿಟ್ಟುಕೊಳ್ಳಿ. ಗುಡಿಸುವವರನ್ನು ಕೇಳಿದರೆ ಅವರೇ ಖುಷಿಯಿಂದ ಕೊಡುತ್ತಾರೆ. ಮಾರ್ಚ್ ಬಂದ ತಕ್ಷಣ ಪ್ರತಿ ಕುಂಡದ ಮಣ್ಣಿನ ಮೇಲೆ ಎರಡಿಂಚು ಒಣ ಎಲೆ ಹೊದಿಸಿ, ಬುಡಕ್ಕೆ ಒತ್ತದ ಹಾಗೆ. ಬೇಸಿಗೆಯ ಅರ್ಧ ಕೆಲಸ ಇದರಲ್ಲೇ ಮುಗಿಯಿತು. ಉಳಿದ ಎಲೆ ಕಾಂಪೋಸ್ಟ್‌ಗೆ. ತೂತು ಕೊರೆದ ಹಳೆಯ ಬಕೆಟ್‌ನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಎರಡರಷ್ಟು ಒಣ ಎಲೆ, ಆಗಾಗ ಒಂದು ಲೋಟ ಹುಳಿ ಮಜ್ಜಿಗೆ. ವಾಸನೆ ಬಂದರೆ ಎಲೆ ಸಾಲದು ಅಂತ ಅರ್ಥ. ಎರಡು ಮೂರು ತಿಂಗಳಿಗೆ ನಿಮ್ಮದೇ ಗೊಬ್ಬರ.

ಬೇಸಿಗೆಯಲ್ಲಿ ಬೆಂಡೆ, ಬದನೆ, ಹೀರೆ, ಹಾಗಲ, ಬಸಳೆ, ದಂಟು. ಇವು ಬಿಸಿಲಿನ ಮಕ್ಕಳು. ಬೆಂಡೆಗೆ ಎಲೆಯ ನರ ಹಳದಿಯಾಗುವ ರೋಗ ಬರುತ್ತೆ, ಅದನ್ನು ತಡೆಯಲೆಂದು ತಯಾರಾದ ತಳಿ ಅರ್ಕಾ ಅನಾಮಿಕ. ಹೀರೆಯಲ್ಲಿ ಹೂ ಬಂದು ಕಾಯಿ ನಿಲ್ಲದಿದ್ದರೆ ದುಂಬಿ ಬರುತ್ತಿಲ್ಲ ಅಂತ. ಹೂವಿನ ಕೆಳಗೆ ಎಳೆ ಕಾಯಿಯ ಆಕಾರ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು ದಳ ಬಿಡಿಸಿ ಹೆಣ್ಣು ಹೂವಿನ ನಡುವೆ ಸವರಿ. ಹೀರೆ, ಸೋರೆ ಹೂ ಅರಳುವುದು ಸಂಜೆ, ಹಾಗಲ ಬೆಳಗ್ಗೆ. ಹೊತ್ತು ನೋಡಿ ಮಾಡಬೇಕು. ಕೊತ್ತಂಬರಿ ಈ ಕಾಲಕ್ಕೆ ಬೇಡ, ಎಲೆ ಬಿಡುವ ಮೊದಲೇ ಹೂ ಬಿಟ್ಟು ಮುಗಿಸುತ್ತೆ. ಸೊಪ್ಪಿನ ಟ್ರೇಗಳನ್ನು ಮಧ್ಯಾಹ್ನದ ಬಿಸಿಲಿನಿಂದ ತಪ್ಪಿಸಿ ಬಾಲ್ಕನಿಗೆ ಇಳಿಸಿ, ಇಲ್ಲವೇ ಹಳೆಯ ಬಿಳಿ ಪಂಚೆ ಕಟ್ಟಿ ನೆರಳು ಮಾಡಿ. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಆಲಿಕಲ್ಲು ಬಿದ್ದರೆ ಎಳೆ ಎಲೆ ಜರಡಿಯಾಗುತ್ತೆ. ಮೋಡ ಕಟ್ಟಿದಾಗ ಪಂಚೆ ಆಗಲೂ ಉಪಯೋಗಕ್ಕೆ ಬರುತ್ತೆ.

ನೀರಿನ ಮಾತು ಹೇಳದೆ ಬೇಸಿಗೆ ಮುಗಿಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕುವಂತಿಲ್ಲ, ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನಿಮಗೆ ನೆನಪಿರಬಹುದು. ಆ ಬೇಸಿಗೆ ನಾನು ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರಲ್ಲೇ 40 ಕುಂಡ ಉಳಿಸಿಕೊಂಡೆ. ಸಿಂಕ್ ಪಕ್ಕ ಒಂದು ಬಕೆಟ್ ಇಟ್ಟರೆ ಸಾಕು. ಎಸಿಯಿಂದ ಸುರಿಯುವ ನೀರೂ ಒಳ್ಳೆಯದು, ಅದರಲ್ಲಿ ಉಪ್ಪಿಲ್ಲ. ಫಿಲ್ಟರ್ ಹೊರಗೆ ಬಿಡುವ ನೀರು ಮಾತ್ರ ದಿನಾ ಹಾಕಬೇಡಿ, ಉಪ್ಪು ಕೂಡಿಕೊಂಡು ಮಣ್ಣು ಕೆಡುತ್ತೆ. ಬೋರ್‌ವೆಲ್ ನೀರು ಹಾಕುವವರ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುವುದು ಇದೇ ಉಪ್ಪು. ಮಳೆಗಾಲದ ಜೋರು ಮಳೆ ಅದನ್ನು ತೊಳೆದು ಹಾಕುತ್ತೆ.

ನಿಮ್ಮ ಗುಲಾಬಿಯನ್ನು ಇನ್ನೂ ಬಿಸಾಡಬೇಡಿ. ಕಡ್ಡಿಯನ್ನು ತುದಿಯಿಂದ ಕೆಳಗೆ ಅಲ್ಲಲ್ಲಿ ಉಗುರಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಕಂದು ಇದ್ದರೆ ಆ ಭಾಗ ಸತ್ತಿದೆ, ಹಸಿರು ಕಂಡರೆ ಜೀವ ಇದೆ. ಬುಡದ ಹತ್ತಿರ ಒಂದು ಗಂಟು ಇರುತ್ತೆ, ಕಸಿ ಕಟ್ಟಿದ ಜಾಗ. ಆ ಗಂಟಿನ ಮೇಲೆ ಎರಡಿಂಚು ಹಸಿರು ಉಳಿದಿದ್ದರೂ ಸಾಕು. ಹಸಿರು ಇರುವಲ್ಲಿಗೆ ಓರೆಯಾಗಿ ಕತ್ತರಿಸಿ, ಕುಂಡದಿಂದ ತೆಗೆದು ಮುದ್ದೆ ನೆನೆಸಿ, ಹೊಸ ಮಣ್ಣಿಗೆ ಹಾಕಿ ಬಾಲ್ಕನಿಯ ಎಳೆ ಬಿಸಿಲಲ್ಲಿಡಿ. ಚಿಗುರು ಮೂರಿಂಚು ಆದ ಮೇಲೆ ತಾರಸಿಗೆ. ಅಕ್ಟೋಬರ್‌ನಲ್ಲಿ ಮಳೆ ಇಳಿದ ಮೇಲೆ ಇನ್ನೊಮ್ಮೆ ಕೊಂಬೆ ಕತ್ತರಿಸಿದರೆ ಒಂದೂವರೆ ತಿಂಗಳಿಗೆ ಮೊಗ್ಗು ನೋಡಬಹುದು. ಗಂಟಿನ ಕೆಳಗೆ ಮಾತ್ರ ಹಸಿರಿದ್ದು ಅಲ್ಲಿಂದ ಚಿಗುರು ಬಂದರೆ ಅದು ಕಾಡುಗುಲಾಬಿಯ ಚಿಗುರು, ನೀವು ಲಾಲ್‌ಬಾಗ್‌ನಲ್ಲಿ ನೋಡಿ ಆಸೆಪಟ್ಟ ಹೂ ಅದರಲ್ಲಿ ಬರುವುದಿಲ್ಲ. ಆಗ ಆ ಕುಂಡದ ಮಣ್ಣು ಒಡೆದು ಒಂದು ಹಿಡಿ ಗೊಬ್ಬರ ಬೆರೆಸಿ ಜುಲೈಗೆ ಅವರೆ ಕಾಳು ಹಾಕಿ.